ಒಣಗಿಸಿದ ಮಣ್ಣಿನಲ್ಲಿ ಕಾಣದ ಸೋಮಲ

ಮೂವತ್ತಾರಕ್ಕೇ ನಿವೃತ್ತಿಯ ನೆನಪು ಬರೆಯಲು ಕೂತವಳನ್ನು ಕಂಡು ನಗುವವರು ಈಗಲೇ ನಕ್ಕು ಮುಗಿಸಲಿ. ಚಿಕ್ಕೋಡಿಯಲ್ಲಿ ಈಗ ಬಾಗಿಲು ಹಾಕಿರುವ ಒಂದು ಸಣ್ಣ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಹನ್ನೆರಡು ವರ್ಷ ಗುತ್ತಿಗೆಯ ಮೇಲೆ ದುಡಿದೆ. ಯೋಜನೆ ಮುಗಿಯಿತು, ನಮ್ಮ ಕೆಲಸವೂ ಮುಗಿಯಿತು. ಕೀಲಿಕೈ ಒಪ್ಪಿಸಿ, ಹಾರ ಹಾಕಿಸಿಕೊಂಡು, ಚುರುಮುರಿ ತಿಂದು, ಚಹಾ ಕುಡಿದು ಮನೆಗೆ ಬಂದೆ. ಇದನ್ನು ನಿವೃತ್ತಿ ಎನ್ನದೆ ಇನ್ನೇನೆನ್ನಬೇಕು? ಅರವತ್ತಾದವರಿಗೆ ಮಾತ್ರ ಅನುಭವ ಇರುತ್ತದೆ ಎಂಬ ಮಾತಿಗೆ ನನಗೆ ಇನ್ನೂ ಆಧಾರ ಸಿಕ್ಕಿಲ್ಲ.

ಇದನ್ನು ಬರೆಯುತ್ತಿರುವುದು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ. ಯಂತ್ರ ಹೇಗೆ ನಡೆಸಬೇಕು ಎಂಬುದನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಸರಿಯಾದ ಯಂತ್ರದಿಂದ ತಪ್ಪು ಉತ್ತರ ಹೇಗೆ ಬರುತ್ತದೆ ಎಂಬುದನ್ನು ಯಾರೂ ಕಲಿಸುವುದಿಲ್ಲ. ಅದನ್ನು ನಾನು ಹೇಳಬಲ್ಲೆ, ಏಕೆಂದರೆ ಅಂಥ ಉತ್ತರ ಕೊಟ್ಟವಳು ನಾನೇ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಐದು ನಿಮಿಷ ಕೊಟ್ಟರೆ ಯಾವುದನ್ನು ಬೇಕಾದರೂ ಸಮರ್ಥಿಸಿಕೊಂಡು ಬರುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೂ ಆ ಚಟ ಬಿಡಲಿಲ್ಲ. ನಮ್ಮ ಮುಖ್ಯಸ್ಥರು ಬಸಲಿಂಗಪ್ಪ ಸರ್. ಕಬ್ಬೂರಿನಿಂದ ದಿನಾ ಬೈಕಿನ ಮೇಲೆ ಬರುತ್ತಿದ್ದರು. ಮೊದಲ ವಾರವೇ ನನ್ನನ್ನು ಕರೆದು, ಇಲ್ಲಿ ಎದುರಾಳಿ ಯಾರೂ ಇಲ್ಲ, ಮಣ್ಣಷ್ಟೇ ಇದೆ ಎಂದರು. ಮಣ್ಣು ಸುಮ್ಮನಿದ್ದರೆ ಅದು ಒಪ್ಪಿದೆ ಎಂದರ್ಥವೇ ಎಂದು ಕೇಳಿದೆ. ಅವರು ಜರಡಿಯನ್ನು ನನ್ನ ಕೈಗಿಟ್ಟರು.

ಸರ್ ಅವರದು ಒಂದೇ ನಿಯಮ. ಬಂದ ಮಣ್ಣನ್ನು ಹಳೆ ಪತ್ರಿಕೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಬೇಕು, ಮರದ ಕೊಡತಿಯಿಂದ ಕುಟ್ಟಬೇಕು, ಜರಡಿ ಹಿಡಿಯಬೇಕು. ಅರ್ಧ ಕನ್ನಡ, ಅರ್ಧ ಮರಾಠಿ ಪತ್ರಿಕೆಗಳ ಮೇಲೆ ರಾಯಬಾಗದ ಕರಿ ಮಣ್ಣು, ನಿಪ್ಪಾಣಿಯ ತಂಬಾಕಿನ ಹೊಲದ ಮಣ್ಣು, ಅಥಣಿಯ ಸವಳು ಮಣ್ಣು ಸಾಲಾಗಿ ಮಲಗಿರುತ್ತಿದ್ದವು. "ಹಸೀ ಮಣ್ಣ ದಿನಕ್ಕೊಂದ ಹೇಳ್ತೈತಿ, ಸವಿತಾ. ಒಣಗಿಸಿದ ಮ್ಯಾಲ ಎಲ್ಲಾ ಹೊಲಾ ಒಂದ ಸಾಲಿನಾಗ ನಿಂದರ್ತಾವು" ಎನ್ನುತ್ತಿದ್ದರು. ಗೊಬ್ಬರದ ಲೆಕ್ಕ ಹೇಳುವ ಮಟ್ಟಿಗೆ ಈ ಮಾತು ಸರಿ. ಎಲ್ಲಕ್ಕೂ ಸರಿಯಲ್ಲ ಎಂದು ತಿಳಿಯಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಅದಕ್ಕೂ ಮೊದಲಿನ ಒಂದು ಫಜೀತಿ ಹೇಳಿಬಿಡುತ್ತೇನೆ. ಕಾಗವಾಡದ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಮಣ್ಣು ತಂದುಕೊಟ್ಟರು. ಸಾರಜನಕ ಎಷ್ಟು ಬಂತೆಂದರೆ ಯಂತ್ರ ಕೆಟ್ಟಿದೆಯೇನೋ ಎಂದು ಮೂರು ಸಲ ನೋಡಿದೆ. ಮೂರು ಸಲವೂ ಅದೇ. ಈ ವರ್ಷ ಯೂರಿಯಾ ಮುಟ್ಟಬೇಡಿ ಎಂದು ಬರೆದುಕೊಟ್ಟೆ. ಕೆಲವು ತಿಂಗಳ ಮೇಲೆ ಅವರು ಬಂದು ಮೇಜಿನ ಮುಂದೆ ನಿಂತು, "ಮೇಡಂ, ನಿಮ್ಮ ಕಾಗದಾ ಓದಿ ನಮ್ಮ ಬಳ್ಳಿಗೆ ಕಾಮಣಿ ಆಗೈತ್ರಿ" ಎಂದರು. ಕಾಮಾಲೆ ಬಂದವರಂತೆ ಎಲೆಯೆಲ್ಲ ಹಳದಿ. ಆಗ ಕೇಳಿದೆ, ಮಣ್ಣು ಯಾವುದರಲ್ಲಿ ತಂದಿದ್ದಿರಿ ಎಂದು. ಖಾಲಿ ಯೂರಿಯಾ ಚೀಲ ಜಾಡಿಸಿ, ಅದರಲ್ಲಿ ತುಂಬಿ ತಂದಿದ್ದರಂತೆ. ಮಣ್ಣಿನಲ್ಲಿ ಏನಿದೆ ಎಂದು ಕೇಳುವ ಮೊದಲು ಅದು ಹೊಲದಿಂದ ಮೇಜಿನವರೆಗೆ ಹೇಗೆ ಬಂತು ಎಂದು ಕೇಳಬೇಕು. ಅಂದು ಕಲಿತೆ ಎಂದುಕೊಂಡಿದ್ದೆ. ನಿಜಕ್ಕೂ ಕಲಿತದ್ದು ಚೀಲದ ವಿಷಯ ಮಾತ್ರ.

ಈಗ ಹಾಜರಾಬಿಯವರ ವಿಷಯ. ರಾಯಬಾಗ ತಾಲೂಕಿನ ಹೊಳೆ ದಂಡೆಯ ಊರು. ಹೆಸರು ಹೇಳುವುದಿಲ್ಲ, ಒಂದು ಗದ್ದೆಯ ತಪ್ಪಿಗೆ ಇಡೀ ಊರಿನ ಕಾಳನ್ನು ಜನ ಮೂಸಿ ನೋಡಬಾರದು. ಅವರ ಮಾವನ ಕಾಲದಲ್ಲಿ ಆ ಮನೆತನ ಚರ್ಮದ ವ್ಯಾಪಾರ ಮಾಡುತ್ತಿತ್ತು. ಹೊಲದ ತಗ್ಗಿನ ಮೂಲೆಯಲ್ಲಿ ವಖಾರ, ಅಂದರೆ ಗೋದಾಮು ಇತ್ತು. ತೊಗಲಿಗೆ ಹುಳ ಬೀಳದಂತೆ ಸೋಮಲದ ನೀರಿನಲ್ಲಿ ಅದ್ದಿ, ಒಣಗಿಸಿ, ಹೊರ ಊರಿಗೆ ಕಳಿಸುತ್ತಿದ್ದರು. ಸೋಮಲ ಎಂದರೆ ಪುಸ್ತಕದ ಭಾಷೆಯಲ್ಲಿ ಆರ್ಸೆನಿಕ್. ಅದ್ದಿ ಉಳಿದ ನೀರು ಹರಿದದ್ದು ಆ ತಗ್ಗಿಗೇ. ವಖಾರ ಬಿದ್ದುಹೋಯಿತು, ಕಬ್ಬು ಬಂತು, ಎಲ್ಲರೂ ಮರೆತರು. ಆಮೇಲೆ ಮೇಲಿನ ಹೊಲಗಳವರು ಕಬ್ಬಿಗೆ ನೀರು ಬಿಟ್ಟು ಬಿಟ್ಟು ತಗ್ಗಿನಲ್ಲಿ ಜವಳು ಹಿಡಿಯಿತು. ವರ್ಷದಲ್ಲಿ ಆರು ತಿಂಗಳು ನೀರು ನಿಲ್ಲುವ ಜಾಗದಲ್ಲಿ ಕಬ್ಬು ಕೊಳೆಯಿತು. ಹಾಜರಾಬಿಯವರ ಮಗ ರಫೀಕ್, ನೀರು ನಿಲ್ಲುವಲ್ಲಿ ಭತ್ತವನ್ನಾದರೂ ಹಾಕೋಣ ಎಂದ.

ಬೇಡ ಎನ್ನದೆ, ಮೊದಲು ಮಣ್ಣು ತೋರಿಸು ಎಂದವರು ಹಾಜರಾಬಿ. ಹೊಸದಾಗಿ ಸೊಸೆಯಾಗಿ ಬಂದಾಗ ಆ ಮೂಲೆಗೆ ಕೋಳಿ ಬಿಡಬೇಡ ಎಂದು ಅತ್ತೆ ಹೇಳಿದ್ದು ಅವರಿಗೆ ನೆನಪಿತ್ತು. ಮಗನ ಬೈಕಿನ ಹಿಂದೆ ಕೂತು, ತೊಡೆಯ ಮೇಲೆ ಮಣ್ಣಿನ ಡಬ್ಬಿ ಇಟ್ಟುಕೊಂಡು ತಾವೇ ಬಂದರು. ಡಬ್ಬಿ ಯಾವುದು ಎಂದು ಕೇಳಿದೆ. ತೊಳೆದ ಸ್ಟೀಲಿನದು. ಒಪ್ಪಿದೆ.

ಪದ್ಧತಿಯಂತೆ ಒಣಗಿಸಿದೆ, ಕುಟ್ಟಿದೆ, ಜರಡಿ ಹಿಡಿದೆ. ಸೋಮಲ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆ. ಒಟ್ಟು ಸೋಮಲ ಸ್ವಲ್ಪ ಹೆಚ್ಚೇ ಇತ್ತು, ಆದರೆ ನೀರಿಗೆ ಬಿಡುವ ಪಾಲು ಇಲ್ಲವೆನ್ನುವಷ್ಟು ಕಡಿಮೆ. "ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಬೆಳೆಗೆ ಅಪಾಯವಿಲ್ಲ" ಎಂದು ಬರೆದೆ. ಅಷ್ಟಕ್ಕೇ ನಿಲ್ಲದೆ, ಜವಳು ಮಣ್ಣಿಗೆ ಜೀವ ಬರಲಿ ಎಂದು ಸಕ್ಕರೆ ಕಾರ್ಖಾನೆಯ ಮಡ್ಡಿಯನ್ನೂ ತಿಪ್ಪೆಗೊಬ್ಬರವನ್ನೂ ಧಾರಾಳವಾಗಿ ಹಾಕಲು ಹೇಳಿದೆ.

ಹಾಜರಾಬಿ ಕಾಗದ ಮಡಚಲಿಲ್ಲ. "ಒಣಾ ಮಣ್ಣ ನೋಡಿ ನೀರಾಗಿನ ಮಣ್ಣಿನ ಮಾತ ಹೆಂಗ ಹೇಳ್ತಿ, ಬೇಟಾ?" ಎಂದರು.

ಇಂಥ ಪ್ರಶ್ನೆಗೆ ನಾನು ಕಾಯುತ್ತಲೇ ಇರುತ್ತಿದ್ದೆ. ಸೋಮಲ ಒಂದು ಧಾತು, ಅದು ನೀರು ಹಾಕಿದರೆ ಹೆಚ್ಚಾಗುವುದಿಲ್ಲ, ಬಿಸಿಲಿಗೆ ಕಡಿಮೆಯಾಗುವುದಿಲ್ಲ, ಒಣಗಿದಾಗ ಎಷ್ಟಿತ್ತೋ ನೆನೆದಾಗಲೂ ಅಷ್ಟೇ ಎಂದು ಬೆರಳು ಮಡಚಿ ಮಡಚಿ ಹೇಳಿದೆ. ಎಲ್ಲವೂ ನಿಜ. ರಫೀಕ್ ತಲೆಯಾಡಿಸಿದ. ಹಾಜರಾಬಿ ಕಾಗದ ಮಡಚಿದರು. ನಾನು ವಾದ ಗೆದ್ದೆ. ಹನ್ನೆರಡು ವರ್ಷದಲ್ಲಿ ನನಗೆ ತೀರಾ ನಾಚಿಕೆ ತರುವ ಗೆಲುವು ಅದೇ.

ಎರಡನೆಯ ಸುಗ್ಗಿಗೆ ರಫೀಕ್ ಒಂದು ಕಂತೆ ತೆನೆ ತಂದ. ತಗ್ಗಿನ ತುದಿಯಲ್ಲಿ ತೆನೆಗಳು ಬಾಗದೆ ನೆಟ್ಟಗೆ ನಿಂತಿದ್ದವು. ಹಿಸುಕಿದರೆ ಜೊಳ್ಳು. ಉಳಿದ ಕಡೆ ಕಾಳು ಚೆನ್ನಾಗಿ ಕಟ್ಟಿತ್ತು. ಜೊತೆಗೆ ತಾಯಿ ಕಿತ್ತು ಕಳಿಸಿದ ಬೇರಿನ ಗಡ್ಡೆ; ಅದಕ್ಕೆ ಕಬ್ಬಿಣದ ಜಂಗಿನಂಥ ಕೆಂಪು ಲೇಪ. ಗದ್ದೆಯಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ ಎಂದೂ ಆತ ಹೇಳಿದ. ಸೋಮಲದ ಗಾಳಿಗೆ ಅಂಥ ವಾಸನೆ ಇರುತ್ತದೆ; ಆದರೂ ವಾಸನೆಯನ್ನು ನಾನು ಆಗಲೂ ಸಾಕ್ಷಿಯೆಂದು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಿಂತ ನೀರಿಗೆ ನೂರು ವಾಸನೆ. ಜೊಳ್ಳು ತೆನೆಗೂ ಬೇರೆ ಕಾರಣಗಳಿರಬಹುದು. ಆದರೆ ಹಳೆ ಸೋಮಲದ ಜಾಗ, ನಿಂತ ನೀರು, ನೆಟ್ಟಗಿನ ತೆನೆ, ಮೂರೂ ಒಂದೇ ಮೂಲೆಯಲ್ಲಿ ಸೇರಿದ್ದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ಧೈರ್ಯ ಬರಲಿಲ್ಲ. ಓದಲು ಕೂತೆ. ಓದುತ್ತ ಹೋದಂತೆ, ಹಾಜರಾಬಿಗೆ ನಾನು ಕೊಟ್ಟ ಉತ್ತರದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ತಿಳಿಯಿತು.

ಸೋಮಲ ಹೆಚ್ಚು ಕಡಿಮೆ ಆಗುವುದಿಲ್ಲ, ನಿಜ. ಅದರ ರೂಪ ಬದಲಾಗುತ್ತದೆ. ಬದಲಿಸುವುದು ಮಣ್ಣಿನಲ್ಲಿರುವ ಸೂಕ್ಷ್ಮಾಣುಗಳು. ಗಾಳಿಯಾಡುವ ಮಣ್ಣಿನಲ್ಲಿ ಅದು ಹೆಚ್ಚಾಗಿ ಆರ್ಸನೇಟ್ ಆಗಿ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಕೂತಿರುತ್ತದೆ. ನೀರು ನಿಂತು ಗಾಳಿ ಕಟ್ಟಿದರೆ ಬೇರೆಯ ಸೂಕ್ಷ್ಮಾಣುಗಳ ಸರದಿ. ನಾವು ಉಸಿರಿಗೆ ಆಮ್ಲಜನಕ ಬಳಸುವ ಕಡೆ ಅವು ತುಕ್ಕನ್ನು ಬಳಸುತ್ತವೆ. ತುಕ್ಕು ಕರಗಿದಾಗ ಅಂಟಿದ್ದ ಸೋಮಲ ಬಿಟ್ಟುಕೊಳ್ಳುತ್ತದೆ. ಇನ್ನು ಕೆಲವು ಆರ್ಸನೇಟನ್ನೇ ಉಸಿರಿಗೆ ಬಳಸಿ ಆರ್ಸನೈಟ್ ಮಾಡಿಬಿಡುತ್ತವೆ. ಇದು ನೀರಿನಲ್ಲಿ ಸಲೀಸಾಗಿ ಓಡಾಡುತ್ತದೆ. ಭತ್ತವು ದಂಟು ಗಟ್ಟಿಯಾಗಲು ಮಣ್ಣಿನಿಂದ ಸಿಲಿಕಾ ಎಳೆದುಕೊಳ್ಳುವ ಬೆಳೆ. ಬೇರಿನಲ್ಲಿ ಸಿಲಿಕಾಕ್ಕೆಂದು ಇರುವ ಬಾಗಿಲಿನಿಂದಲೇ ಆರ್ಸನೈಟ್ ಒಳಗೆ ನುಗ್ಗುತ್ತದೆ. ಮತ್ತೊಂದು ಜಾತಿಯ ಸೂಕ್ಷ್ಮಾಣು ಸೋಮಲಕ್ಕೆ ಇಂಗಾಲದ ತುಣುಕು ಜೋಡಿಸುತ್ತದೆ. ಆ ರೂಪ ಹೂವಿನ ಹೊತ್ತಿಗೆ ಮುಟ್ಟಿದರೆ ಕಾಳು ಕಟ್ಟದೆ ತೆನೆ ನೆಟ್ಟಗೆ ನಿಲ್ಲಬಹುದು. ಎಲ್ಲ ಸೂಕ್ಷ್ಮಾಣುಗಳೂ ಕೇಡು ಮಾಡುತ್ತವೆ ಎಂದಲ್ಲ. ಭತ್ತದ ಬೇರು ತನ್ನ ಸುತ್ತ ಸ್ವಲ್ಪ ಗಾಳಿ ಬಿಡುತ್ತದೆ. ಅಲ್ಲಿರುವ ಕೆಲವು ಆರ್ಸನೈಟನ್ನು ಮರಳಿ ಆರ್ಸನೇಟ್ ಮಾಡುತ್ತವೆ, ಬೇರಿನ ಮೇಲಿನ ಕೆಂಪು ತುಕ್ಕು ಅದನ್ನು ಅಲ್ಲೇ ತಡೆಯುತ್ತದೆ. ಆ ತಡೆ ಸಾಲುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ನಾನು ಮಾಡಿದ್ದೇನು? ಮಣ್ಣನ್ನು ಗಾಳಿಗೆ ಹರಡಿ, ಬಿಡಿಸಿಕೊಂಡಿದ್ದ ಸೋಮಲವನ್ನೆಲ್ಲ ಮತ್ತೆ ತುಕ್ಕಿಗೆ ಅಂಟಿಸಿ, ಆಮೇಲೆ ಅಳೆದು, ಅಂಟಿಕೊಂಡೇ ಇದೆ ಎಂದು ಸಹಿ ಮಾಡಿದ್ದೆ. ಸಾಲದ್ದಕ್ಕೆ ಮಡ್ಡಿ, ಗೊಬ್ಬರ ಹಾಕಿಸಿ ಆ ಸೂಕ್ಷ್ಮಾಣುಗಳಿಗೆ ಊಟ ಬಡಿಸಿದ್ದೆ.

ಸರ್ ಮುಂದೆ ಹೋಗಿ, ವರದಿ ವಾಪಸು ತೆಗೆದುಕೊಳ್ಳೋಣ ಎಂದೆ. ಅವರು ಕೈಯಲ್ಲಿದ್ದ ಜರಡಿಯನ್ನು ಪಕ್ಕಕ್ಕಿಟ್ಟರು. "ಒಣಗಸೂದ ಕಲಿಸಿದಾಂವ ನಾನ. ತಪ್ಪಂದ್ರ ಇಬ್ಬರದೂ ತಪ್ಪ" ಎಂದರು. ಆದರೆ ಕಾಳನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸೋಣ, ಅದರ ಫಲಿತಾಂಶ ಬರುವ ತನಕ ಕಾಗದದ ಮೇಲೆ ಒಂದಕ್ಷರ ಬರೆಯುವುದು ಬೇಡ ಎಂದರು. ಕಾಳಿನ ವರದಿ ಬರಲು ಎರಡು ತಿಂಗಳು ಬೇಕು. ರಫೀಕನ ಮಗಳಿಗೆ ಆಗ ಎಂಟು ತಿಂಗಳು. ಆ ಗದ್ದೆಯ ಅಕ್ಕಿಯ ಗಂಜಿಯನ್ನೇ ಉಣಿಸುತ್ತಿದ್ದಾರೆ, ಉಳಿದ ಚೀಲಗಳನ್ನು ಮೂರು ವಾರದಲ್ಲಿ ಹಾರೂಗೇರಿಯ ವ್ಯಾಪಾರಿ ಒಯ್ಯುತ್ತಾನೆ, ಎರಡು ತಿಂಗಳು ಯಾರ ಹೊಟ್ಟೆಯಲ್ಲಿ ಕಾಯೋಣ ಎಂದು ಕೇಳಿದೆ. ಅವರು ಕನ್ನಡಕ ತೆಗೆದರು. "ಸಹಿ ನಾ ಮಾಡೂದಿಲ್ಲ. ನೀ ಹೋಗಿ ಬಾಯಿಲೆ ಹೇಳಿದ್ರ ಬ್ಯಾಡಾನೂ ಅನ್ನೂದಿಲ್ಲ." ಅವರನ್ನು ಹೇಡಿ ಎಂದು ಆಗ ಮನಸ್ಸಿನಲ್ಲೇ ಬೈದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಮರುದಿನ ನನಗೆ ರಜೆ ಬರೆದುಕೊಟ್ಟು, ನೀರಿನಲ್ಲಿ ಸೋಮಲವಿದ್ದರೆ ಬಿಳಿಯಿಂದ ಹಳದಿ, ಕಂದು ಬಣ್ಣಕ್ಕೆ ತಿರುಗುವ ಕಾಗದದ ಪಟ್ಟಿಗಳ ಪೆಟ್ಟಿಗೆಯನ್ನು ತಾವೇ ನನ್ನ ಚೀಲಕ್ಕೆ ಹಾಕಿದ್ದರು.

ಹಾಜರಾಬಿಯ ಮನೆಯ ಕಟ್ಟೆಯ ಮೇಲೆ ಕೂತು ನನ್ನ ತಪ್ಪನ್ನು ಒಂದೂ ಬಿಡದೆ ಹೇಳಿದೆ. ರಫೀಕ್ ಸಿಟ್ಟಾದ. ಚೀಲ ಕೊಡುತ್ತೇನೆಂದು ವ್ಯಾಪಾರಿಗೆ ಮಾತು ಕೊಟ್ಟಿದ್ದೇನೆ, ಈಗ ವಿಷ ಎಂದರೆ ಊರಲ್ಲಿ ನಮ್ಮ ಹೆಸರು ಏನಾಗಬೇಕು ಎಂದ. ತಾಯಿ ಅವನನ್ನು ಸುಮ್ಮನಿರಿಸಿ ನನ್ನ ಕಡೆ ತಿರುಗಿದರು.

"ಅಪಾಯ ಇಲ್ಲ ಅಂತ ಬರದಾಕಿನೂ ನೀನ, ಐತಿ ಅನ್ನಾಕತ್ತಾಕಿನೂ ನೀನ. ಯಾವ ಸವಿತಾನ ನಂಬಲಿ?"

"ಯಾರನ್ನೂ ನಂಬಬ್ಯಾಡ್ರಿ, ಚಾಚಿ. ನೀವ ಮಾಡಿ ನೋಡ್ರಿ" ಎಂದೆ.

ನೋಡಿ ತಿಳಿಯುವ ತನಕ ಕೂಸಿಗೆ ಗೋಧಿ ರವೆಯ ಗಂಜಿ ಎಂದು ಅವರು ಅಂದೇ ಒಪ್ಪಿದರು. ದೊಡ್ಡವರು ಮಾತ್ರ ಅದೇ ಅಕ್ಕಿ ಉಣ್ಣುತ್ತೇವೆ ಎಂದರು. ಪ್ರಯೋಗವನ್ನು ಅವರ ಹಿತ್ತಲಲ್ಲೇ ಹೂಡಿದೆವು. ಮೂರು ಗಾಜಿನ ಬರಣಿ, ತಗ್ಗಿನ ಒಂದೇ ಜಾಗದ ಹಸಿ ಮಣ್ಣು, ಮೂರಕ್ಕೂ ಸೂಕ್ಷ್ಮಾಣುಗಳ ಊಟಕ್ಕೆಂದು ಒಂದೊಂದು ಚಿಟಿಕೆ ಬೆಲ್ಲ. ಮೊದಲನೆಯದಕ್ಕೆ ಕಂಠದವರೆಗೆ ನೀರು ತುಂಬಿ ಮುಚ್ಚಳ ಬಿಗಿದೆವು. ಎರಡನೆಯದರ ಮಣ್ಣನ್ನು ಸೂಕ್ಷ್ಮಾಣು ಸಾಯಲೆಂದು ಮೂರು ದಿನ ಮೂರು ಸಲ ಹಬೆಯಲ್ಲಿ ಬೇಯಿಸಿ, ಕುದಿಸಿ ಆರಿಸಿದ ನೀರು ತುಂಬಿ ಮುಚ್ಚಿದೆವು. ಮೂರನೆಯದಕ್ಕೆ ತೇವವಾಗುವಷ್ಟೇ ನೀರು. ಬಾಯಿ ತೆರೆದೇ ಇಟ್ಟು ದಿನಾ ಕಡ್ಡಿಯಿಂದ ಕಲಕುವುದು, ಕೊನೆಯ ದಿನವಷ್ಟೇ ನೀರು ಸೇರಿಸುವುದು. ಬೇಯಿಸಲು ನಮ್ಮ ಮನೆಯ ಹಳೆ ಇಡ್ಲಿ ಪಾತ್ರೆ ಒಯ್ದಿದ್ದೆ. ಮಣ್ಣಿನ ಇಡ್ಲಿ ಬೇಯಿಸುವವಳನ್ನು ಅರವತ್ತು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದೇನೆ, ಚಟ್ನಿ ಯಾವುದರದು ಎಂದು ಹಾಜರಾಬಿ ನಕ್ಕರು. ಆ ಪಾತ್ರೆ ಮತ್ತೆ ಅಡುಗೆ ಮನೆಗೆ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಹೊಸಬರಿಗೆ ಹೇಳಬೇಕಾದದ್ದು ಹೇಳುತ್ತೇನೆ. ಆ ವರ್ಷದಿಂದ ನೀರು ನಿಲ್ಲುವ ಹೊಲದ ಮಣ್ಣನ್ನು ಸೋಮಲಕ್ಕಾಗಿ ನಾನು ಒಣಗಿಸಿದ್ದಿಲ್ಲ. ಕೊಳವೆಯನ್ನು ಕೆಸರಲ್ಲಿ ಅದ್ದಿ, ನೀರಿನೊಳಗೇ ಮುಚ್ಚಳ ಹಾಕಿ, ಮೀನು ಮಾರುವವರಿಂದ ಮಂಜುಗಡ್ಡೆ ಪೆಟ್ಟಿಗೆ ಕಡ ತಂದು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಿದ್ದೆ. ಗದ್ದೆಯನ್ನು ನಡುನಡುವೆ ಒಣಗಿಸಿ ನೀರು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರನ್ನೂ ಸುಮ್ಮನೆ ನಂಬಬೇಡಿ. ಸೋಮಲ ಇಳಿಯಬಹುದು, ಅದೇ ಹೊತ್ತಿಗೆ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹ ಕಾಳಿಗೆ ಹೆಚ್ಚು ಏರಬಹುದು. ಎರಡನ್ನೂ ಅಳೆಯಿರಿ. ನನ್ನ ಬರಣಿಗಳೂ ಕಾಳಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ನೀರು ನಿಂತಾಗ ಸೋಮಲವನ್ನು ಬಿಡಿಸುವವರು ಯಾರು ಎಂಬುದನ್ನು ಮಾತ್ರ ಹೇಳುತ್ತವೆ. ಇದನ್ನು ಹಾಜರಾಬಿಗೂ ಮೊದಲೇ ಹೇಳಿದ್ದೆ. ಕಾಳಿನ ವರದಿ ಎರಡು ತಿಂಗಳ ಮೇಲೆ ಬಂದಾಗ ಸೋಮಲ ಹೆಚ್ಚೇ ಇತ್ತು, ಸರ್ ಕೈಯಾರೆ ಹಳೆ ವರದಿ ರದ್ದು ಮಾಡಿ ಸಹಿ ಹಾಕಿದರು. ಆದರೆ ಆ ಮನೆಯ ತೀರ್ಮಾನ ಅಲ್ಲಿಯ ತನಕ ಕಾಯಲಿಲ್ಲ.

ಮೂರು ವಾರದ ಮೇಲೆ, ವ್ಯಾಪಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಹೋದೆ. ಯಾವ ನೀರು ಯಾವ ಬರಣಿಯದು ಎಂದು ನನಗೆ ಗೊತ್ತಾಗಬಾರದು ಎಂದು ಷರತ್ತು ಹಾಕಿದವಳು ನಾನೇ. ಹಾಜರಾಬಿ ಒಳಗೆ ಹೋಗಿ, ಮೂರರ ನೀರನ್ನೂ ಸೋಸಿ ಮೂರು ಶೀಷೆಗೆ ಹಾಕಿ, ಶೀಷೆಗಳ ಕೊರಳಿಗೆ ಕೆಂಪು, ಹಸಿರು, ಬಿಳಿ ದಾರ ಕಟ್ಟಿ ತಂದಿಟ್ಟರು. ನೀರಿನ ಬಣ್ಣ ನೋಡಿ ನಾನು ಊಹಿಸಬಹುದಿತ್ತು. ಅದಕ್ಕೇ ಪಟ್ಟಿ ಓದುವ ಕೆಲಸ ರಫೀಕನಿಗೆ ಕೊಟ್ಟೆ. ಪಟ್ಟಿ ಬಿಳಿಯಾಗಿಯೇ ಉಳಿಯಲಿ ಎಂದು ಬಯಸುವವನು ಆ ಅಂಗಳದಲ್ಲಿ ಅವನೊಬ್ಬನೇ. ಬಣ್ಣ ಬಂದಿದೆ ಎಂದು ಅವನೇ ಕಂಡರೆ ಅವನ ಕಣ್ಣನ್ನು ಯಾರೂ ಅನುಮಾನಿಸುವಂತಿರಲಿಲ್ಲ.

ಹಸಿರು ದಾರದ ಶೀಷೆಯ ಪಟ್ಟಿ ಬಿಳಿಯಾಗಿಯೇ ಇತ್ತು. ಬಿಳಿ ದಾರದ್ದಕ್ಕೆ ಹಳದಿಯ ಸಣ್ಣ ಛಾಯೆ. ಕೆಂಪು ದಾರದ ಪಟ್ಟಿಯನ್ನು ತೆಗೆದ ರಫೀಕ್ ಬಣ್ಣದ ಕಾರ್ಡಿನ ಪಕ್ಕ ಹಿಡಿದ, ಬಿಸಿಲಿಗೆ ತಿರುಗಿಸಿದ, ಮತ್ತೆ ಹಿಡಿದ. ಕಾರ್ಡಿನ ಕೊನೆಯ ಚೌಕದಷ್ಟೇ ಕಂದು. ತಾಯಿಯ ಕೈಗೆ ಕೊಟ್ಟ.

"ಹಸರ ಬೇಯಿಸಿದ್ದು. ಬಿಳೇದು ಗಾಳಿಗಿಟ್ಟದ್ದು" ಎಂದರು ಹಾಜರಾಬಿ. ಕೆಂಪು ಯಾವುದು ಎಂದು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಗದ್ದೆಯಂತೆಯೇ ನೀರು ನಿಂತದ್ದು, ಅದರ ಸೂಕ್ಷ್ಮಾಣುಗಳು ಬದುಕಿದ್ದದ್ದು. ಅವರು ಮೂರು ಪಟ್ಟಿಗಳನ್ನೂ ಕಟ್ಟೆಯ ಮೇಲೆ ಸಾಲಾಗಿಟ್ಟು, ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಎರಡು ಸಲ ನೋಡಿದರು.

ಕೋಣೆಯಲ್ಲಿನ ಚೀಲಗಳನ್ನು ಏನು ಮಾಡುವುದು ಎಂದು ರಫೀಕ್ ಮೆಲ್ಲಗೆ ಕೇಳಿದ. ಹಾರೂಗೇರಿಯಲ್ಲಿ ಕೊಂಡವರಿಗೆ ಯಾವ ಗದ್ದೆ ಎಂದು ತಿಳಿಯುವುದಿಲ್ಲ, ಅವರು ಉಣ್ಣುವುದು ಒಂದೆರಡು ಸೇರು ಮಾತ್ರ ಎಂದೂ ಸೇರಿಸಿದ. ಚರ್ಚೆಯಲ್ಲಿ ಇಂಥ ವಾದಕ್ಕೆ ಐದು ಉತ್ತರ ಸಿದ್ಧವಿರುತ್ತವೆ. ನಾನು ಬಾಯಿ ತೆರೆಯುವ ಮೊದಲೇ ಹಾಜರಾಬಿ ಮಾತಾಡಿದರು.

"ನಿನ್ನ ಮಗಳಿಗೆ ಮೂರ ವಾರದ ಹಿಂದ ನಿಲ್ಲಿಸೀನಿ. ಅಲ್ಲಿ ಯಾರ ಮಗಳಿಗೆ ಉಣಸ್ತಿ, ಹೆಸರ ಹೇಳು."

ಅವರು ಸೆರಗಿಗೆ ಕೈ ಒರೆಸಿಕೊಂಡು, ಮಗನ ಅಂಗಿಯ ಜೇಬಿನಿಂದ ಫೋನು ತೆಗೆದು, ವ್ಯಾಪಾರಿಯ ಹೆಸರು ಹುಡುಕಿಸಿ ಹಚ್ಚಿಸಿದರು. ಗಾಡಿ ತರಬೇಡಿ, ಅಕ್ಕಿ ಕೊಡುವುದಿಲ್ಲ ಎಂದರು. ಆ ಕಡೆಯಿಂದ ಜೋರು ದನಿ ಕೇಳುತ್ತಿತ್ತು, ಯಾಕೆ, ಬೇರೆ ಯಾರಿಗೆ ಮಾತು ಕೊಟ್ಟಿರಿ ಎಂದು.

"ಯಾರಿಗೂ ಕೊಟ್ಟಿಲ್ಲರಿ. ತಪ್ಪ ಮಾಡಿದಾಕಿ ಇಲ್ಲೇ ಕುಂತಾಳ. ಆಕಿನ ಹೇಳ್ತಾಳ, ಪೂರಾ ಕೇಳ್ರಿ" ಎಂದು ಫೋನನ್ನು ನನ್ನ ಕೈಗಿಟ್ಟರು.

ನಾನು ನನ್ನ ಹೆಸರು ಹೇಳಿದೆ, ಮಣ್ಣು ಒಣಗಿಸಿದಲ್ಲಿಂದ ಶುರು ಮಾಡಿದೆ.